ಕೇಳದೆ ಬರೆದ ಮುಖ

ಗೋಡೆಯ ಮೇಲೆ ತನ್ನದೇ ಮುಖ ಕಂಡು ಗಂಗಾಶ್ರೀ ನಿಂತಲ್ಲೇ ನಿಂತಳು!

ಶಿಕಾರಿಪುರದ ಸಭಾಭವನದಲ್ಲಿ ಚಿತ್ರಪ್ರದರ್ಶನ ನಡೆದಿತ್ತು. ಅದೇ ಹಸಿರು ಸೀರೆ, ಕೈಯಲ್ಲಿ ಅದೇ ಕಾಫಿ ತಟ್ಟೆ. ಕೆಳಗಿನ ಚೀಟಿಯಲ್ಲಿ ಚಿತ್ರದ ಹೆಸರು 'ನಿರೀಕ್ಷೆ'. ಬರೆದವರು ಜಡೆ ಊರಿನ ಸಿದ್ಧಲಿಂಗೇಶ್.

ಆರು ತಿಂಗಳ ಹಿಂದೆ ಅವಳನ್ನು ನೋಡಲು ಅಂಜನಾಪುರಕ್ಕೆ ಬಂದಿದ್ದ ಡ್ರಾಯಿಂಗ್ ಮೇಷ್ಟ್ರು! 'ಹುಡುಗ ಒಪ್ಪಲಿಲ್ಲ' ಎಂದಿದ್ದ, ಸಂಬಂಧ ತಂದಿದ್ದ ಉಜ್ಜಪ್ಪ. ಆ ಸೌಮ್ಯ ಕಣ್ಣುಗಳನ್ನು ಮರೆಯಲು ಅವಳಿಗೆ ಇನ್ನೂ ಆಗಿರಲಿಲ್ಲ...

ಪಕ್ಕದಲ್ಲೇ ಸಂಘಟಕರೊಬ್ಬರು ವಿವರಿಸುತ್ತಿದ್ದರು. "ತಗ್ಗಿಸಿದ ಕಣ್ಣು, ಹಿಂದೆ ಮಂಕು ನೀಲಿ... ಗಂಡಿನ ಒಪ್ಪಿಗೆಗೆ ಕಾಯ್ತಿರೋ ಹೆಣ್ಣಿನ ದುಃಖ ನೋಡ್ರಿ!"

ಅವಳ ಮೈ ಉರಿದುಹೋಯಿತು. 'ಬೇಡ ಅಂದವನು ನನ್ನನ್ನು ಗೋಡೆಗೆ ನೇತುಹಾಕಿ ಮರುಕ ಗಿಟ್ಟಿಸ್ತಿದ್ದಾನಾ?'

"ಯಾರ್ರೀ ಕಾಯ್ತಿದ್ದಿದ್ದು?"

ಅವಳ ದನಿ ಕೇಳಿ ಮೂಲೆಯಲ್ಲಿದ್ದ ಸಿದ್ಧಲಿಂಗೇಶ್ ಓಡಿ ಬಂದ.

"ಬೇಡ ಅಂದ್ರಿ, ಸರಿ. ಕೇಳದೇ ನನ್ನ ಮುಖ ಬರ್ದು ಊರಿಗೆಲ್ಲ ತೋರ್ಸೋಕೆ ನೀವ್ಯಾರು? ಆವತ್ತು ನಿಮ್ಮ ಸೋದರಮಾವ 'ಸ್ವಲ್ಪ ನಡೆದು ತೋರ್ಸಮ್ಮ' ಅಂದ್ರು. ಎಂಟು ವರ್ಷದಿಂದ ಹೈಸ್ಕೂಲಲ್ಲಿ ಗಣಿತ ಕಲಿಸೋಳು ನಾನು! ದುಃಖ ಅಲ್ಲ ರೀ ನಂದು, ಸಿಟ್ಟು!"

"ನಾನು ಬರ್ದಿದ್ದೂ ಅದನ್ನೇ," ಎಂದ ಅವನು ಮೆಲ್ಲಗೆ. "ಹತ್ರ ಬಂದು ನೋಡ್ರಿ."

ಅವಳು ನೋಡಿದಳು. ಕೆನ್ನೆಯ ಮೈಬಣ್ಣದಡಿ ಕೆಂಪು ಕುದಿಯುತ್ತಿತ್ತು. ದವಡೆಯ ಗೆರೆಯನ್ನು ಕುಂಚದಿಂದಲ್ಲ, ಬಣ್ಣ ಬಳಿಯುವ ಚಾಕುವಿನಿಂದ ಒತ್ತಿ ಎಳೆದಿದ್ದ. ತಟ್ಟೆ ಹಿಡಿದ ಬೆರಳುಗಳ ಗೆಣ್ಣುಗಳು ಬಿಳುಪೇರಿದ್ದವು. ತಗ್ಗಿದ ಕಣ್ಣಲ್ಲಿ ನಾಚಿಕೆ ಇರಲಿಲ್ಲ, ತಡೆದಿಟ್ಟ ಮಾತಿತ್ತು.

ಮನೆಯವರಿಗೂ ಕಾಣದ್ದು ಇವನಿಗೆ ಕಂಡಿತ್ತಲ್ಲ...!

"ನಾನಿಟ್ಟ ಹೆಸರು 'ಸಿಟ್ಟು'. ಬದಲಾಯಿಸಿದ್ದು ಈ ಸಂಘಟಕರು. ಮತ್ತೆ... ನಾನು ಬೇಡ ಅಂದೇ ಇಲ್ಲ ರೀ! 'ಮೊದ್ಲು ಅವರನ್ನ ಕೇಳ್ರಿ' ಅಂದೆ. ನಿಮಗೇ ಇಷ್ಟ ಇಲ್ಲ ಅಂತ ಉಜ್ಜಪ್ಪ ಬಂದು ಹೇಳ್ದ."

"ನನ್ನನ್ನ ಯಾರೂ ಕೇಳೇ ಇಲ್ಲ!" ಅವಳು ಅವನತ್ತ ತಿರುಗಿದಳು. "ಹೆಣ್ಣನ್ನ ಕೇಳೋದೇನು ಅಂತ ಉಜ್ಜಪ್ಪ ಇಬ್ರಿಗೂ ಸುಳ್ಳು ಹೇಳಿದಾನೆ, ಹೋಗ್ಲಿ. ನಿಮಗೊಂದು ಫೋನ್ ಮಾಡೋಕೆ ಏನಾಗಿತ್ತು?"

"ಹೆದರಿದೆ... ಕೇಳದೇ ಬರ್ದಿದ್ದೂ ತಪ್ಪೇ."

ಸಂಘಟಕರು ತಡೆಯುವಷ್ಟರಲ್ಲಿ ಅವನು ಚಿತ್ರ ಇಳಿಸಿ ಅವಳ ಮುಂದೆ ಹಿಡಿದ. "ಇದು ನಿಮ್ದು. ಇಟ್ಕೊಳ್ರಿ, ಬೇಕಾದ್ರೆ ಸುಟ್ಟಾಕ್ರಿ."

ಅವಳು ಚಿತ್ರವನ್ನು ಕೈಗೆ ತೆಗೆದುಕೊಂಡಳು. "ಈಗಾದ್ರೂ ಕೇಳ್ರಿ."

"ನಿಮಗೆ... ನಾನು ಇಷ್ಟ ಇದೀನಾ?"

"ಆವತ್ತೇ ಇದ್ರಿ. ಆದ್ರೆ ಸಿಟ್ಟು ಇನ್ನೂ ಹೋಗಿಲ್ಲ!"

"ಎಷ್ಟು ವರ್ಷ ಬೇಕಾದ್ರೂ ತಗೊಳ್ರಿ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. "ಬೈಸ್ಕೊಳ್ಳೋಕೆ ನಾನಿರ್ತೀನಿ."