ಬೊಳ್ಳುವಿನ ಕಾಲಿನ ಗಂಟು

ಏಪ್ರಿಲ್ ಹನ್ನೊಂದರ ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿದು ಊರಿಗೆ ಊರೇ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ, ಒಮಾನಿನ ವಾದಿ ಸಿದ್ರ್ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಬಿಳಿ ನಾಯಿಯೊಂದನ್ನು ಕರೆದುಕೊಂಡು ಬಂದಳು. ಚಾರಣಕ್ಕೆ ಬಂದಿದ್ದ ಜೊತೆಗಾರ ಗುಡ್ಡದಿಂದ ಇಳಿದಿಲ್ಲ ಎಂಬುದು ದೂರು. ಅಷ್ಟನ್ನು ಇಂಗ್ಲಿಷಿನಲ್ಲಿ ಹೇಳಿದವಳು ಮುಂದಿನದಕ್ಕೆ ಬಾಯಿ ತೆರೆಯುತ್ತಲೇ ಅಳುತ್ತಾ ತನ್ನ ಭಾಷೆಗೆ ಜಾರಿದಳು. ಅದು ಮಲಯಾಳವೋ ಸಿಂಹಳವೋ ಕಾನ್‌ಸ್ಟೇಬಲ್ ನಾಸರ್‌ಗೆ ತಿಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಅವನು ಯಾವಾಗಲೂ ಮಾಡುವಂತೆ ರುಸ್ತಾಕಿನ ಪ್ರೇಮನಾಥನಿಗೆ ಫೋನ್ ಮಾಡಿದ.

ಪ್ರೇಮನಾಥ ಸಿಮೆಂಟು, ಕಬ್ಬಿಣ ಮಾರುವ ಅಂಗಡಿಯೊಂದರ ಲೆಕ್ಕಿಗ. ಇಪ್ಪತ್ತು ವರ್ಷ ಒಮಾನಿನ ಬಿಸಿಲು ತಿಂದು ಅರಬ್ಬಿ ಕಲಿತವನು. ಠಾಣೆಯವರು ಕರೆದಾಗ ಹೋಗಿ, ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸುತ್ತಿದ್ದ. ಅವನ ಅಪ್ಪ ಊರಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವರು. ಎಫ್‌ಐಆರ್, ಪಂಚನಾಮೆ ಎಂಬ ಮಾತುಗಳನ್ನು ಅಂಬೆಗಾಲಿನಿಂದಲೇ ಕೇಳಿದವನಿಗೆ ಠಾಣೆಯ ಕೆಲಸವೆಂದರೆ ಒಳಗೊಳಗೇ ಹೆಮ್ಮೆ. ಅವತ್ತು ಅನ್ನದ ತಟ್ಟೆ ಮುಚ್ಚಿಟ್ಟು ಹೊರಟಾಗಲೂ ಆ ಹೆಮ್ಮೆಗೇನೂ ಕಡಿಮೆಯಿರಲಿಲ್ಲ.

ಠಾಣೆಯ ಮೆಟ್ಟಿಲ ನೆರಳಿನಲ್ಲಿ ನಾಯಿ ನಾಲಿಗೆ ಚಾಚಿ ಮಲಗಿತ್ತು. ನಾಲ್ಕೂ ಪಾದಗಳಿಗೆ ಬಟ್ಟೆ ಸುತ್ತಿ ಕಟ್ಟಲಾಗಿತ್ತು. ಕಾದ ಬಂಡೆಯ ಮೇಲೆ ಪಾದ ಸುಡದಿರಲೆಂದು ಯಾರೋ ಮಾಡಿದ ಉಪಾಯ.

ಇನ್ಸ್‌ಪೆಕ್ಟರ್ ಹಿಲಾಲ್ ಮೇಜಿನ ಹಿಂದೆ ಕೂತಿದ್ದ. ಸಣ್ಣ ದನಿಯ, ಗಟ್ಟಿ ಮನುಷ್ಯ.

"ಹೆಸರು ಕೇಳು."

"ಸಮೀಕ್ಷಾ," ಎಂದಳು ಆಕೆ. ಮೂವತ್ತರ ಆಸುಪಾಸು. ಘಾಲಾದ ಒಂದು ಕಂಪನಿಯ ಕಚೇರಿಯಲ್ಲಿ ಕೆಲಸ. ಅವಳ ಮಾತಿನ ರಾಗ ಗುರುತಿಸಿ ಪ್ರೇಮನಾಥ ತುಳುವಿನಲ್ಲಿ ಮಾತಾಡಿಸಿದ್ದೇ ತಡ, ಅವಳ ಮುಖದ ಬಿಗಿ ಸಡಿಲಿತು.

"ಅಣ್ಣ, ನೀವು ನಮ್ಮ ಊರಿನವರಾ? ದೇವರೇ ಕಳ್ಸಿದ ಹಾಗೆ ಬಂದ್ರಿ ಮಾರಾಯ್ರೆ."

ಬೆಳಕು ಹರಿಯುವ ಮೊದಲೇ ಆಕೆ ಮತ್ತು ಸಹೋದ್ಯೋಗಿ ಕಿಶೋರ್ ನಡಿಗೆ ಶುರುಮಾಡಿದ್ದರು. ಕೆಳಗಿನ ಕವಲುದಾರಿಯಲ್ಲಿ ಇವಳಿಗೆ ಸುಸ್ತಾಯಿತು. ಕಿಶೋರ್ ಇವಳ ನಾಯಿ ಬೊಳ್ಳುವನ್ನು ಕರೆದುಕೊಂಡು ಮುಂದೆ ಹೋದ. ಇವಳು ಕಾರಿಗೆ ಬಂದು ಕಾದಳು. ಬಿಸಿಲೇರಿದ ಮೇಲೆ ನಾಯಿಯೊಂದೇ ಇಳಿದು ಬಂತು, ಕಾಲಿಗೆ ಈ ಬಟ್ಟೆ ಕಟ್ಟಿಸಿಕೊಂಡು. ಹೇಳಿಕೆ ಇಷ್ಟು.

"ಈ ಹೆಂಗಸಿಗೂ ಈ ಗುಡ್ಡಕ್ಕೂ ಆಗಿಬರುವುದಿಲ್ಲ," ಎಂದು ಹಿಲಾಲ್ ಪ್ರೇಮನಾಥನಿಗೆ ಮಾತ್ರ ಕೇಳುವಂತೆ ಹೇಳಿದ. "ಹೋದ ವರ್ಷ ಇದೇ ದಾರಿಯಲ್ಲಿ ಇವಳ ಗಂಡ ಸತ್ತ. ಅಕ್ಷಯ್ ಅಂತ. ಓಡಿಹೋದ ಇದೇ ನಾಯಿಯನ್ನು ಹುಡುಕಿಕೊಂಡು ಹೋಗಿ ದಾರಿ ತಪ್ಪಿದ. ಆವತ್ತು ಜೊತೆಗಿದ್ದವನೂ ಇದೇ ಕಿಶೋರ್. ಅವನ ಹೇಳಿಕೆ ಬರೆದುಕೊಂಡವನು ನಾನೇ."

ನಾಳೆಗೆ ಅಕ್ಷಯ್ ಸತ್ತು ಒಂದು ವರ್ಷ. ಸತ್ತ ಜಾಗಕ್ಕೆ ಹೋಗಿ ಎರಡು ಹೂವಿಟ್ಟು ಬರೋಣವೆಂದು ಕಿಶೋರನೇ ಕರೆದ ಎಂದಳು ಸಮೀಕ್ಷಾ.

ಹುಡುಕಾಟದ ತಂಡ ಹೊರಟಿತು. ಕಿಶೋರನ ಹೆಸರು ಕೂಗಲು, ಸಿಕ್ಕರೆ ಮಾತಾಡಿಸಲು ಪ್ರೇಮನಾಥನೂ ಹೋದ. ಬಂಡೆಗಳ ಮೇಲೆ ಹಳದಿ, ಬಿಳಿ, ಕೆಂಪು ಪಟ್ಟೆಯ ಗುರುತುಗಳನ್ನು ಹಿಡಿದು ಏದುಸಿರು ಬಿಡುತ್ತಾ ಹತ್ತಿದರೆ, ಗಾಳಿಯೆಂಬುದು ಒಲೆಯ ಬಾಯಿಂದ ಬಂದಂತಿತ್ತು. ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಾಯಲಿ, ಒಂದು ಕಾಗೆಯ ಕೂಗೂ ಇರಲಿಲ್ಲ. ಮೇಲಿನ ಕವಲಿನ ಆಚೆ, ಚಾಚಿದ ಬಂಡೆಯ ಕೆಳಗೆ ಕಿಶೋರ್ ಸಿಕ್ಕಿದ. ಉಸಿರಿರಲಿಲ್ಲ, ಕೂಗುವ ಅಗತ್ಯ ಬೀಳಲಿಲ್ಲ.

ಹಿಲಾಲ್ ಸ್ಥಳ ಪರೀಕ್ಷೆಯ ವರದಿ ಬರೆಸಿದ. ನಮ್ಮಲ್ಲಾದರೆ ಪಂಚನಾಮೆ. ಬಲಗಾಲಿನ ಹರಡು ಊದಿ ಕುಂಬಳವಾಗಿದೆ. ಮೈಮೇಲೆ ಬೇರೆ ಗಾಯವಿಲ್ಲ. ಬೆನ್ನ ಚೀಲವಿದೆ, ನೀರಿನ ಬಾಟಲಿ ಒಂದೂ ಇಲ್ಲ. ಇಲ್ಲಿಯವರಂತೆ ತಲೆಗೆ ಸುತ್ತಿಕೊಂಡಿದ್ದ ಮುಸರ್ ಬಟ್ಟೆ ಅರ್ಧ ಹರಿದಿದೆ. ನಾಯಿಯ ಕಾಲಿಗಿರುವುದು ಅದೇ ನೀಲಿ ಅಂಚಿನ ಇನ್ನರ್ಧ.

ನಾಸರ್ ತಲೆ ಮೇಲಿನ ಟೊಪ್ಪಿ ತೆಗೆದ. "ನೋಡಿದಿರಾ? ಕಾಲು ಉಳುಕಿ ಬಿದ್ದವನು, ತನ್ನ ತಲೆಯ ನೆರಳನ್ನೇ ಹರಿದು ನಾಯಿಯ ಕಾಲಿಗೆ ಕಟ್ಟಿ, ಸಹಾಯ ತರಲಿ ಅಂತ ಕಳಿಸಿದ್ದಾನೆ. ಎಂಥಾ ಮನುಷ್ಯ!"

"ಬಾಟಲಿ?" ಎಂದ ಹಿಲಾಲ್.

"ಉರುಳಿ ಪ್ರಪಾತಕ್ಕೆ ಬಿದ್ದಿರಬೇಕು."

ಹಿಲಾಲ್ ಕೆಳಗೆ ಇಣುಕಿದ. ಕೆಳಗೆ ಬರೀ ಕಲ್ಲು. ಇರಬಹುದು, ಎಂದ.

ಶನಿವಾರ ಬೆಳಿಗ್ಗೆ ವೈದ್ಯರ ಮಾತು ಬಂತು: ಬಿಸಿಲಾಘಾತ, ನೀರಿಲ್ಲದೆ ಬಂದ ಸಾವು. ಒಂದೆರಡು ಗಂಟೆ ಮೊದಲು ಯಾರಾದರೂ ತಲುಪಿದ್ದರೆ ಬದುಕುತ್ತಿದ್ದ. ಠಾಣೆಯ ಬೆಂಚಿನ ಮೇಲೆ ಕಿಶೋರನ ಹೆಂಡತಿ ಆಶಿತಾ ಕೂತಿದ್ದಳು. ಮೈಸೂರಿನ ಹುಡುಗಿ, ರಾತ್ರಿಯಿಡೀ ಅತ್ತು ಕಣ್ಣು ಬಾತಿತ್ತು. ಕನ್ನಡ ಕಿವಿಗೆ ಬಿದ್ದೊಡನೆ ಪ್ರೇಮನಾಥನ ತೋಳು ಹಿಡಿದುಕೊಂಡಳು.

"ಸರ್, ಅವರ ಹತ್ರ ನೀರಿತ್ತಾ? ನಾನೇ ಕೈಯಾರೆ ಮೂರು ಬಾಟ್ಲಿ ತುಂಬಿ ಚೀಲಕ್ಕೆ ಹಾಕಿದ್ದೆ. ಕಡೆಗಾದ್ರೂ ಕುಡಿದ್ರಾ? ಅಷ್ಟು ಹೇಳಿ ಸಾಕು."

"ಬಾಟಲಿ ಸಿಕ್ಲಿಲ್ಲಮ್ಮ."

"ಮೂರಕ್ಕೆ ಮೂರೂ ಹೇಗೆ ಸರ್ ಬೀಳತ್ತೆ?"

ಪ್ರೇಮನಾಥ ತೋಳು ಬಿಡಿಸಿಕೊಂಡು ಒಳಗೆ ಹೋದ.

ಒಳಗೆ ಹಿಲಾಲ್ ಕಡತ ಮುಗಿಸುವ ತಯಾರಿಯಲ್ಲಿದ್ದ. ಸಮೀಕ್ಷಾ ಸಹಿ ಹಾಕಲು ಬಂದಿದ್ದಳು, ನಾಯಿಯೂ ಜೊತೆಗಿತ್ತು. ಕಾಲಿನ ಬಟ್ಟೆಯನ್ನು ವಶಕ್ಕೆ ತೆಗೆದುಕೊಳ್ಳಬೇಕಿತ್ತು. ನಾಸರ್ ಹೊರಗೆ ಬಟ್ಟಲಲ್ಲಿ ನೀರಿಟ್ಟು ನಾಯಿಯನ್ನು ಪ್ರೀತಿಯಿಂದಲೇ ನೋಡಿಕೊಂಡಿದ್ದ. ಆದರೆ ಅದರ ಜೊಲ್ಲು ಮೈಗೆ ತಾಗಿದರೆ ನಮಾಜಿಗೆ ಮೊದಲು ಮತ್ತೆ ಶುದ್ಧಿಯಾಗಬೇಕೆಂದು ಮುಟ್ಟಲು ಹಿಂಜರಿದ.

"ಅಖೀ, ಸಹೋದರ, ನೀನೇ ಬಿಚ್ಚು. ನಾಯಿ ಕಚ್ಚಿ ಎಳೆದಷ್ಟೂ ಬಿಗಿಯಾಗ್ತಾ ಇದೆ ಆ ಗಂಟು. ಕತ್ತರಿ ತರಲಾ?"

ಪ್ರೇಮನಾಥ ನೆಲಕ್ಕೆ ಕೂತು ಬೊಳ್ಳುವಿನ ಮುಂಗಾಲನ್ನು ತೊಡೆಯ ಮೇಲಿಟ್ಟುಕೊಂಡ. ಕತ್ತರಿ ಬೇಕಾಗಲಿಲ್ಲ. ಬಟ್ಟೆಯ ಸೀಳನ್ನು ನಾರಿನಂತೆ ಸಣ್ಣದಾಗಿ ಹರಿದು, ಒಂದು ತುದಿ ಹಿಡಿದು ಇನ್ನೊಂದನ್ನು ಬೆರಳಿನಲ್ಲಿ ಕುಣಿಕೆ ಮಾಡಿ, ಕುಣಿಕೆಯ ಮೇಲೆ ಕುಣಿಕೆ ಎಳೆದಿದ್ದರು. ತುದಿಯನ್ನು ಗಂಟಿನೊಳಗೇ ಅಡಗಿಸಿದ್ದರು. ಅವನ ಬೆರಳುಗಳು ಅಡಗಿದ ತುದಿಯನ್ನು ತಾವಾಗಿಯೇ ಹುಡುಕಿ ಎಳೆದವು. ಪಾದದ ಬಟ್ಟೆ ಸರಸರನೆ ಬಿಚ್ಚಿ ಬಂತು.

ಅದು ಮಲ್ಲಿಗೆ ಕಟ್ಟುವ ಗಂಟು. ಊರಿನಲ್ಲಿ ಶಂಕರಪುರದ ಕಡೆ ಮನೆಮನೆಯ ಜಗಲಿಯಲ್ಲಿ ಹೆಂಗಸರು ಬಾಳೆಯ ನಾರು ಹಿಡಿದು ಚೆಂಡು ಕಟ್ಟುವುದು ಹೀಗೆ. ಬೆಳಗಿನ ಮಲ್ಲಿಗೆ ಗಾಡಿ ಬರುವುದರೊಳಗೆ ಮುಗಿಯಬೇಕು, ಕೈ ಓಡುತ್ತಲೇ ಇರಬೇಕು. ಅವನ ಅಮ್ಮ ಹೀಗೆಯೇ ಕಟ್ಟುತ್ತಿದ್ದರು. ಬಿಗಿಯಾದಾಗ ಬಿಚ್ಚಿಕೊಡುವುದು ಇವನ ಕೆಲಸವಾಗಿತ್ತು. ಮೈಸೂರಿನ ಎಂಜಿನಿಯರ್ ಕಿಶೋರನಿಗೆ, ಅದೂ ಕಾಲು ಊದಿ ಬಿದ್ದ ಹೊತ್ತಿನಲ್ಲಿ, ಈ ಗಂಟು ಎಲ್ಲಿಂದ ಬರಬೇಕು?

ತಲೆಯೆತ್ತಿ ತುಳುವಿನಲ್ಲಿ ಮೆಲ್ಲನೆ ಕೇಳಿದ. "ತಾಯಿಮನೆ ಎಲ್ಲಿ ತಂಗಿ?"

"ಶಿರ್ವದ ಹತ್ರ ಅಣ್ಣ."

"ಹೂ ಕಟ್ಟಿ ಗೊತ್ತುಂಟಾ?"

"ಗೊತ್ತುಂಟಾ ಅಂದ್ರೆ? ಶಾಲೆಗೆ ಹೋಗ್ಲಿಕ್ಕೆ ಮುಂಚೆ ದಿನಾ ಅದೇ ಕೆಲಸ ಅಲ್ವಾ..." ಎಂದವಳ ಕಣ್ಣು ಅವನ ಕೈಯಲ್ಲಿದ್ದ ಬಟ್ಟೆಯ ಮೇಲೆ ಬಿತ್ತು. ಮಾತು ಅಲ್ಲಿಗೇ ನಿಂತಿತು.

ಕೋಣೆಯಲ್ಲಿದ್ದವರಲ್ಲಿ ಆ ಗಂಟು ಓದಬಲ್ಲವರು ಅವರಿಬ್ಬರೇ. ಪ್ರೇಮನಾಥ ಬಟ್ಟೆಯನ್ನು ಮುದ್ದೆ ಮಾಡಿ ಚೀಲಕ್ಕೆ ಹಾಕಿದ್ದರೆ ಖಲಾಸ್, ಕಡತ ಮುಚ್ಚುತ್ತಿತ್ತು. ಅವಳು ಅವನನ್ನೇ ನೋಡುತ್ತಿದ್ದಳು, ಊರಿನ ಅಣ್ಣನೆಂದು. ಅವನಿಗೂ ಆಸೆಯಾಯಿತು. ಸತ್ತವನಂತೂ ಎದ್ದು ಬರುವುದಿಲ್ಲ, ನನಗೇಕೆ ಈ ಉಸಾಬರಿ ಎನಿಸಿತು.

"ಏನು ಮಾತು?" ಎಂದ ಹಿಲಾಲ್.

ಪ್ರೇಮನಾಥನಿಗೆ ಬೆಂಚಿನ ಮೇಲಿನ ಹುಡುಗಿಯ ಹಿಡಿತ ಇನ್ನೂ ತೋಳಿನ ಮೇಲಿದ್ದಂತಿತ್ತು. ಮೂರಕ್ಕೆ ಮೂರೂ ಹೇಗೆ ಬೀಳತ್ತೆ?

"ಈ ಗಂಟು ಅವನು ಕಟ್ಟಿದ್ದಲ್ಲ ಸರ್," ಎಂದುಬಿಟ್ಟ. "ಇದು ನಮ್ಮೂರ ಹೆಂಗಸರ ಗಂಟು."

ಹಿಲಾಲ್ ಪೆನ್ನು ಕೆಳಗಿಟ್ಟ. ಎಲ್ಲವನ್ನೂ ಕೇಳಿಸಿಕೊಂಡು, ದನಿ ಏರಿಸದೆಯೇ ಹೇಳಿದ: "ಹಾಗಾದರೆ ನಾಯಿ ಒಂದೇ ಇಳಿದು ಬಂದಿಲ್ಲ. ಅವಳೂ ಮೇಲಿದ್ದಳು. ಕೇಳು. ಇಲ್ಲ ಎಂದರೆ ಕಿಶೋರ್ ಮಹಾ ಒಳ್ಳೆಯವನು, ನಾಯಿಗಾಗಿ ತನ್ನ ತಲೆಬಟ್ಟೆ ಹರಿದ ಅಂತ ಬರೆದು ಮುಗಿಸುತ್ತೇನೆ ಅನ್ನು."

ಪ್ರೇಮನಾಥ ಹಾಗೆಯೇ ದಾಟಿಸಿದ. ಅವಳು ಬೆಚ್ಚಿದ್ದು ಮೊದಲ ಮಾತಿಗಲ್ಲ, ಕೊನೆಯ ಮಾತಿಗೆ. ನಿನ್ನೆಯಿಂದ ಹಲ್ಲು ಕಚ್ಚಿ ನುಂಗಿದ್ದು ಒಮ್ಮೆಲೇ ಹೊರಬಿತ್ತು.

"ಅವನನ್ನು ಒಳ್ಳೆಯವನು ಅಂತ ಬರಿಬೇಡಿ! ಇನ್ನೊಂದು ಸಲ ಬರಿಬೇಡಿ ಅಣ್ಣ!"

ಆಮೇಲೆ ಹೇಳಿದ್ದನ್ನೆಲ್ಲ ತುಳುವಿನಲ್ಲೇ ಹೇಳಿದಳು, ಒಡಹುಟ್ಟಿದವನಿಗೆ ಹೇಳುವಂತೆ, ಪೊಲೀಸರು ಎದುರಿಗೆ ಕೂತಿದ್ದಾರೆಂಬುದನ್ನು ಮರೆತು. ಮೇಲಿನ ಕವಲಿನ ಆಚೆ ಕಿಶೋರ್ ಕಾಲು ಜಾರಿ ಬಿದ್ದ. ಸಹಾಯ ಕರೆತರುತ್ತೇನೆಂದು ಇವಳು ಎದ್ದಾಗ, ಅವನು ಇವಳ ಪ್ಯಾಂಟಿನ ಅಂಚು ಹಿಡಿದುಕೊಂಡ.

"ಅವ ಹೇಳಿದ, 'ನೀರು ಮಾತ್ರ ತಗೊಂಡ್ ಹೋಗ್ಬೇಡಿ ಪ್ಲೀಸ್. ಅಕ್ಷಯ್‌ಗೆ ನಾನ್ ಮಾಡಿದ್ ಹಾಗೆ ನೀವ್ ಮಾಡ್ಬೇಡಿ.' ನೋವಿನಲ್ಲಿ ಬಾಯಿ ತಪ್ಪಿತು ಅವನಿಗೆ. ಬಿಡಿಸಿ ಬಿಡಿಸಿ ಕೇಳಿದೆ. ನಾಯಿ ಓಡಿದ್ದೇ ಸುಳ್ಳು ಅಣ್ಣ. ಅಕ್ಷಯ್ ಸುಸ್ತಾಗಿ ಕೂತಿದ್ರು. ಈಗ ಬರ್ತೇನೆ ಅಂತ ಹೇಳಿ ಇವ ಇಬ್ಬರ ನೀರೂ ತಗೊಂಡು ಇಳಿದ. ಕಾರಲ್ಲಿ ಏಸಿ ಹಾಕಿ ಕೂತ. ಪುನಃ ಹತ್ಲಿಕ್ಕೆ ಹೆದರಿಕೆ ಆಯ್ತಂತೆ. ಹೊತ್ತು ಹೋದ ಮೇಲೆ ನಾಯಿಯ ಮೇಲೆ ಹಾಕಿ ಕೈ ತೊಳ್ಕೊಂಡ. ಬೊಳ್ಳು ಎಲ್ಲಿಗೂ ಓಡಿರ್ಲಿಲ್ಲ, ಅವರ ಹೆಣದ ಹತ್ರವೇ ಕೂತಿತ್ತು."

"ಆಮೇಲೆ?" ಎಂದ ಪ್ರೇಮನಾಥ.

"ಒಂದು ವರ್ಷ ಎಲ್ಲರೂ ಅದೇ ಹೇಳಿದ್ದು, ಗಂಡನನ್ನು ತಿಂದ ನಾಯಿ, ಅದನ್ನೆಂತಕ್ಕೆ ಸಾಕ್ತಿ ಅಂತ. ನನ್ನ ಅತ್ತೆ ಫೋನಲ್ಲೇ ಶಾಪ ಹಾಕಿದ್ರು ಅದಕ್ಕೆ. ನಾನೂ ಅದಕ್ಕೆ ಹೊಡ್ದಿದ್ದೇನೆ ಅಣ್ಣ. ಕೋಲು ತಗೊಂಡು ಹೊಡ್ದಿದ್ದೇನೆ." ಅವಳು ನಾಯಿಯತ್ತ ನೋಡಲಾರದೆ ಮುಖ ತಿರುಗಿಸಿದಳು. "ನಿನ್ನೆ ಅದರ ಪಾದ ಸುಟ್ಟು ಕುಂಟ್ತಾ ಇತ್ತು. ಅವನ ತಲೆಬಟ್ಟೆ ಎಳೆದು ಹರಿದು ಕಟ್ಟಿದೆ. ಅವನ ನೀರೇ ಅದಕ್ಕೆ ಕುಡಿಸಿದೆ, ಅವನ ಕಣ್ಣೆದುರೇ. ಬಾಟಲಿಯೆಲ್ಲ ಎತ್ಕೊಂಡೆ. ಈಗ ಬರ್ತೇನೆ ಅಂತ ಹೇಳಿ ಇಳಿದೆ. ಅವ ಕೂತ ಹಾಗೇ ಕಾರಲ್ಲಿ ಏಸಿ ಹಾಕಿ ಕೂತೆ."

ಕೊನೆಗೆ ಸೇರಿಸಿದಳು, "ಇದೆಲ್ಲ ನಿಮ್ಮತ್ರ ಹೇಳಿದ್ದು ಅಣ್ಣ. ಅವರಿಗೆ ಹೇಳ್ಬೇಡಿ."

ಹಿಲಾಲ್ ಕಾಯುತ್ತಿದ್ದ. ಪ್ರೇಮನಾಥ ಎದ್ದು ನಿಂತು, ಒಂದು ಮಾತು ಬಿಡದೆ, ಅರಬ್ಬಿಯಲ್ಲಿ ಒಪ್ಪಿಸಿದ. ಎಲ್ಲಾದರೂ ಒಂದು ಮಾತು ನುಂಗಿದ್ದರೆ ಅಕ್ಷಯನಿಗೆ ಆದದ್ದೂ ಅದರೊಡನೆ ಹೂತು ಹೋಗುತ್ತಿತ್ತು. ಹಾಗೆಂದು ತನಗೆ ತಾನೇ ಹೇಳಿಕೊಂಡ. ಅದು ನಿಜವೂ ಹೌದು. ಅವಳು ಅವನ ಬಾಯಿಯನ್ನೇ ನೋಡುತ್ತಾ, ಅರಬ್ಬಿ ಬಾರದಿದ್ದರೂ ನಡುನಡುವೆ ಬರುವ ಅಕ್ಷಯ್, ಬೊಳ್ಳು ಎಂಬ ಹೆಸರುಗಳನ್ನು ಹಿಡಿದು, ಎಲ್ಲ ಹೋಯಿತೆಂದು ತಿಳಿದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಹಿಳಾ ಕಾನ್‌ಸ್ಟೇಬಲ್ ಬಂದು ಸಮೀಕ್ಷಾಳನ್ನು ಬಂಧಿಸಿದ್ದು ಶನಿವಾರ ಮಧ್ಯಾಹ್ನ. ಅವಳ ಕಾರಿನ ಡಿಕ್ಕಿಯಲ್ಲಿ ಮೂರು ಖಾಲಿ ಬಾಟಲಿ ಸಿಕ್ಕವು. ಹಿಲಾಲ್ ಹೋದ ವರ್ಷದ ಕಡತ ತರಿಸಿದ. ಅದರಲ್ಲಿ ತನ್ನದೇ ಸಹಿಯ ಮೇಲೆ ಬರೆದಿದ್ದ 'ನಾಯಿಯ ಹಿಂದೆ ಹೋಗಿ' ಎಂಬ ಸಾಲನ್ನು ಬಹಳ ಹೊತ್ತು ನೋಡಿ, ಹೊಸ ಹಾಳೆ ತೆಗೆದುಕೊಂಡ. ಕೇಳಿದ ಸುಳ್ಳನ್ನು ಒಪ್ಪಿಕೊಂಡದ್ದಕ್ಕೆ ಯಾವ ಕಾನೂನಿನಲ್ಲೂ ಶಿಕ್ಷೆಯಿಲ್ಲ. ಅದನ್ನು ಒಂದು ವರ್ಷ ಉಂಡವಳಿಗೆ ಮಾತ್ರ ಇದೆ.

ಬೆಂಚಿನ ಮೇಲಿದ್ದ ಆಶಿತಾಳಿಗೆ ಉತ್ತರ ಹೇಳುವ ಕೆಲಸವೂ ಪ್ರೇಮನಾಥನ ಪಾಲಿಗೇ ಬಂತು. ಗಂಡ ನೀರು ಕುಡಿಯಲಿಲ್ಲವೆಂದು ಹೇಳಿದ. ಏಕೆಂಬುದನ್ನೂ ಹೇಳಿದ.

ಜೀಪು ಹತ್ತುವಾಗ ಸಮೀಕ್ಷಾ ಒಮ್ಮೆ ತಿರುಗಿದಳು. ಬೊಳ್ಳು ಬರಿಗಾಲಿನಲ್ಲಿ ಮೆಟ್ಟಿಲ ಮೇಲೆ ನಿಂತಿತ್ತು, ಅದರ ಹಗ್ಗ ಪ್ರೇಮನಾಥನ ಕೈಯಲ್ಲಿತ್ತು.

"ಬರ್ಪೆ ಅಣ್ಣ," ಎಂದಳು.

ನಮ್ಮ ಕಡೆ ಮನೆಯಿಂದ ಹೊರಡುವವರು ಹೋಗುತ್ತೇನೆ ಅನ್ನುವುದಿಲ್ಲ. ಎಲ್ಲಿಗೇ ಹೋದರೂ, ಎಷ್ಟು ಕಾಲಕ್ಕೇ ಹೋದರೂ, ಹೇಳುವುದು ಇದನ್ನೇ.

ಜೀಪು ಹೊರಟ ಮೇಲೆ ಹಿಲಾಲ್ ಕೇಳಿದ, "ಕೊನೆಗೆ ಏನಂದಳು?"

"ಬರ್ತೇನೆ ಅಂದಳು ಸರ್."

ಎರಡು ದಿನದಿಂದ ಎಲ್ಲ ಮಾತನ್ನೂ ಬರೆದುಕೊಂಡಿದ್ದ ಇನ್ಸ್‌ಪೆಕ್ಟರ್ ಅದನ್ನು ಬರೆದುಕೊಳ್ಳಲಿಲ್ಲ. ಬೊಳ್ಳು ಮಾತ್ರ ಜೀಪು ಹೋದ ದಾರಿಗೆ ಮುಖ ಮಾಡಿ, ಹಗ್ಗ ಎಳೆದರೂ ಕದಲದೆ, ಕಾಯಲು ಕೂತಿತು.