ಎರಡನೇ ಚಿಲಕ

ಬಾಗಿಲಕ್ಕ ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದಳು. ಕೀ ಕೊರೆಯುವ ಯಂತ್ರದ ಮೇಲಿನ ಪುಡಿ ಊದಿದಳು. ಫೋನು ತೆರೆದಳು. ಹಾಗೇ ನಿಂತುಬಿಟ್ಟಳು.

‘ಬೀಗದ ಕಟ್ಟೆ’ಯಲ್ಲಿ ಒಂದು ಕೊಲೆ ಆಗಿತ್ತು. ಹೆಣ ಇರಲಿಲ್ಲ, ರಕ್ತ ಇರಲಿಲ್ಲ. ಸತ್ತದ್ದು ಒಬ್ಬ ಮುದುಕರ ಹೆಸರು.

ಬೀಗದ ಕಟ್ಟೆ ಎಂದರೆ ಬೀಗ ರಿಪೇರಿಯವರ ಆನ್‌ಲೈನ್ ಫೋರಂ. ಅಲ್ಲಿ ಕಲಿಯುವವರು ಕಲಿಯುತ್ತಾರೆ, ಬೀಗುವವರು ಬೀಗುತ್ತಾರೆ. ಗಿರಾಕಿಗಳೂ ಬಂದು ತಮ್ಮ ಬಾಗಿಲಿನ ಗೋಳು ಹೇಳಿಕೊಳ್ಳುತ್ತಾರೆ. ನಿಯಮಗಳು ಬೇಕಾದಷ್ಟಿವೆ, ಮುರಿದವರೂ ಬೇಕಾದಷ್ಟಿದ್ದಾರೆ. ಆದರೆ ಒಂದು ನಿಯಮಕ್ಕೆ ಮಾತ್ರ ಕ್ಷಮೆಯಿಲ್ಲ. ಕೀ ಇಲ್ಲದೆ ಬೀಗ ತೆಗೆಯುವ ವಿದ್ಯೆಯನ್ನು ಬಹಿರಂಗವಾಗಿ ಬರೆಯುವಂತಿಲ್ಲ. ಬರೆದವರು ಶಾಶ್ವತವಾಗಿ ಹೊರಗೆ.

ಆ ನಿಯಮ ಮಾಡಿಸಿದವರೇ ಕೀಲಿ ತಾತ. ನಿನ್ನೆ ಮಧ್ಯಾಹ್ನ ಆ ನಿಯಮ ಮುರಿದ ಬರಹವೂ ಕೀಲಿ ತಾತನ ಖಾತೆಯಿಂದಲೇ ಬಂದಿತ್ತು. ಹತ್ತಿರದ ದೊಡ್ಡ ಅಪಾರ್ಟ್‌ಮೆಂಟಿನ ಪ್ರತಿ ಬಾಗಿಲಿಗೂ ಇರುವ ಬೀಗವನ್ನು ಕೀ ಇಲ್ಲದೆ ತೆಗೆಯುವುದು ಹೇಗೆ ಎಂದು ಫೋಟೋ ಸಮೇತ ಪಾಠ.

ಸದಸ್ಯರ ಬರಹವೆಲ್ಲ ಬಾಗಿಲಕ್ಕನ ತಪಾಸಣೆ ದಾಟಿಯೇ ಕಟ್ಟೆಗೆ ಬರಬೇಕು. ಅದಕ್ಕೇ ಅವಳಿಗೆ ಆ ಹೆಸರು. ಆದರೆ ದೇಣಿಗೆ ಕೊಟ್ಟವರ ಹೆಸರಿನ ಪಕ್ಕ ಒಂದು ಚಿನ್ನದ ಕೀಲಿ ಹೊಳೆಯುತ್ತದೆ. ಚಿನ್ನದ ಕೀಲಿಗೆ ತಪಾಸಣೆ ಇಲ್ಲ; ಈಗ ತಾತನ ಹೆಸರಿನ ಪಕ್ಕವೂ ಅದಿತ್ತು. ಈ ವಿನಾಯಿತಿ ಸರಿಯೇ ತಪ್ಪೇ ಎಂದು ಕಟ್ಟೆಯಲ್ಲಿ ಬಹಳ ದಿನಗಳಿಂದ ಜಟಾಪಟಿ ನಡೆದಿತ್ತು.

ಬಾಗಿಲಕ್ಕನಿಗೆ ಒಂದು ಚಾಳಿ. ಪ್ರತಿ ಬರಹವನ್ನೂ ಬರೆದವರ ದನಿಯಲ್ಲೇ ಗಟ್ಟಿಯಾಗಿ ಓದುವುದು. ಕೀ ಮಾಡಿಸಲು ಬಂದವರಿಗೆ ಮಿಮಿಕ್ರಿ ಉಚಿತ. ಈಗಲೂ ತಾತನ ನಡುಗುವ ದನಿ ಹಿಡಿದು ಓದಿದಳು. ‘ಮಕ್ಕಳೇ’ ಎಂಬ ಶುರುವೇನೋ ತಾತನದೇ. ಮುಂದೆ ಗಂಟಲಲ್ಲಿ ಕೂರಲಿಲ್ಲ. ತಾತ ನಾಲ್ಕು ಸಾಲಿಗೊಮ್ಮೆ ಬೈಯುತ್ತಾರೆ. ಇಲ್ಲಿ ಬೈಗುಳವೇ ಇಲ್ಲ.

ಕಟ್ಟೆ ನಡೆಸುವ ಯಜಮಾನರಿಗೆ ಫೋನು ಮಾಡಿದಳು. ಹಾರ್ಡ್‌ವೇರ್ ಅಂಗಡಿಯ ಮನುಷ್ಯ. ಮೊಳೆ ಹೊಡೆದ ಹಾಗೆ ಮಾತು.

“ಬರಹ ಈಗ ತಾನೇ ಅಳಿಸಿದೆ. ಸಂಜೆ ತಾತನ್ನೂ ತೆಗೀತೀನಿ. ನಿಯಮ ಅಂದ್ರೆ ನಿಯಮ.”

“ಯಾರೋ ಖಾತೆಗೆ ನುಗ್ಗಿರಬಹುದು ಅಣ್ಣಾ.”

“ನುಗ್ಗಿಲ್ಲ. ಪಾಸ್‌ವರ್ಡ್ ಬದಲಾಗಿಲ್ಲ. ಮೇಲಾಗಿ ಎರಡನೇ ಚಿಲಕ ಬೇರೆ ಬಿದ್ದಿದೆ. ಇನ್ಮೇಲೆ ಯಾರೇ ಒಳಗೆ ಹೋಗಬೇಕಂದ್ರೂ ತಾತನ ಫೋನಿಗೆ ಬರೋ ನಂಬರ್ ಬೇಕು. ಕಳ್ಳ ಬಂದು ಮನೆಗೆ ಗಟ್ಟಿ ಚಿಲಕ ಹಾಕಿ, ಕೀನ ಮನೆಯವರ ಜೇಬಿಗೇ ಇಟ್ಟು ಹೋಗ್ತಾನಾ?”

“ಆ ಚಿಲಕ ಬಿದ್ದದ್ದು ಯಾವಾಗ?”

“ಪಾಠ ಹಾಕಿದ ಬೆನ್ನಿಗೇ.”

ಬಾಗಿಲಕ್ಕ ಎತ್ತಿದ ಷಟರನ್ನು ಮತ್ತೆ ಕೆಳಗೆ ಎಳೆದಳು. “ಸಂಜೆ ತನಕ ತಡೀರಿ ಅಣ್ಣಾ. ನುಗ್ಗಿದವನನ್ನ ನಿಮ್ಮ ಮುಂದೆ ನಿಲ್ಲಿಸ್ತೀನಿ.”

* * *

ಕೀಲಿ ತಾತ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಕೈಯಲ್ಲಿ ಅರ ಇತ್ತು, ಉಜ್ಜಲು ಏನೂ ಇರಲಿಲ್ಲ.

“ಗೇಟಿನ ಕೀ ವಾಪಸ್ ಕೇಳಿದ್ರು ಮಗಳೇ. ಅಪಾರ್ಟ್‌ಮೆಂಟಿನ ಅಧ್ಯಕ್ಷರೇ ಬಂದಿದ್ರು. ಕೊಟ್ಟೆ. ಬೀಗದವನನ್ನ ಜನ ನಂಬಲ್ಲ ಅಂದ್ಮೇಲೆ ಅವನು ಯಾಕೆ ಅಂಗಡಿ ತೆಗೀಬೇಕು?”

“ನೀವು ಬರೆದಿಲ್ಲ ತಾನೇ?”

“ಬರೆದಿದ್ರೆ ನನ್ನ ಕೈಗೇ ಬೀಗ ಹಾಕ್ಕೊತಿದ್ದೆ. ನಿನ್ನೆ ಬೆಳಿಗ್ಗೆಯಿಂದ ನಾನು ಕಟ್ಟೆ ಕಡೆ ತಲೆನೇ ಹಾಕಿಲ್ಲ.”

“ಚಿನ್ನದ ಕೀಲಿ ಯಾವಾಗ ತಗೊಂಡ್ರಿ?”

“ನಾನೆಲ್ಲಿ ತಗೊಂಡೆ? ಹೋದ ವಾರ ಯಾರೋ ‘ಹಿತೈಷಿ’ ಅನ್ನೋ ಪುಣ್ಯಾತ್ಮ ನನ್ನ ಹೆಸರಲ್ಲಿ ದೇಣಿಗೆ ಕಟ್ಟಿದ. ಯಾರು ಅಂತ ಯಜಮಾನರಿಗೂ ಗೊತ್ತಿಲ್ಲ, ಕೇಳೋ ಹಾಗೂ ಇಲ್ಲ. ಅದಕ್ಕೂ ಒಂದು ನಿಯಮ ಇದೆಯಂತೆ.”

“ಪಾಸ್‌ವರ್ಡ್ ಯಾರಿಗೆ ಗೊತ್ತು?”

“ಯಾರಿಗೂ ಗೊತ್ತಿಲ್ಲ.”

“ನನ್ನ ಹೆಸರು ಕಣೇ,” ಎಂದು ಒಳಗಿನಿಂದ ಅಜ್ಜಿಯ ದನಿ ಬಂತು. “ಮದುವೆ ಆದಾಗಿನಿಂದ ಒಂದಿನ ಬಾಯ್ತುಂಬ ಕರೀಲಿಲ್ಲ. ಅಲ್ಲಿ ಮಾತ್ರ ದಿನಾ ಒತ್ತುತಾರೆ. ನಾನೇ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀನಿ.”

ತಾತ ಮುಖ ಆಚೆ ತಿರುಗಿಸಿದರು. ಬಾಗಿಲಕ್ಕ ನಗು ನುಂಗಿದಳು.

“ಖಾತೆ ಒಳಗೆ ಏನೇನಿದೆ ತಾತ?”

“ಜನ ಅವರ ಮನೆ ವಿಷಯ ಬರೆದಿರ್ತಾರೆ. ಅದು ನಿನಗೂ ಹೇಳಲ್ಲ, ನಿನ್ನಜ್ಜಿಗೂ ಹೇಳಲ್ಲ.”

“ನಿನ್ನೆ ಮಧ್ಯಾಹ್ನ ಫೋನ್ ಎಲ್ಲಿತ್ತು?”

“ಅಲ್ಲೇ, ಚಾರ್ಜಿಗೆ.” ತಾತ ಗೋಡೆಯ ಗೂಡು ತೋರಿಸಿದರು. “ನಾನು ಊಟ ಮಾಡಿ ಮಲಗಿದ್ದೆ. ಅಂಗಡೀಲಿ ಇವಳಿದ್ದಳು.”

“ಯಾರು ಬಂದಿದ್ರು ಅಜ್ಜಿ?”

“ನಿಮ್ಮ ಕಟ್ಟೆಯ ಆ ತುಕ್ಕು ಅನ್ನೋನು ಬಂದಿದ್ದ, ಜಗಳ ಆಡೋಕೆ. ದೇಣಿಗೆ ಕೊಟ್ಟೋರು ಏನು ಮೇಲಿಂದ ಇಳಿದು ಬಂದೋರಾ ಅಂತ ಕೂಗಾಡಿದ. ಟೀ ಕುಡಿದು ಹೋದ. ಅವನು ಬಿಟ್ರೆ ಒಂದು ನೊಣಾನೂ ಬಂದಿಲ್ಲ.”

ಅಷ್ಟರಲ್ಲಿ ಬೈಕು ನಿಂತಿತು. ಅಳಿಯ ಇಳಿದ. ತಾತನ ಒಬ್ಬಳೇ ಮಗಳ ಗಂಡ, ನಂಬರ್ ಲಾಕುಗಳ ವ್ಯಾಪಾರಿ. ಮಾತೂ ಅವನ ಲಾಕಿನ ಹಾಗೇ, ಮೊದಲೇ ಮುದ್ರಿಸಿಟ್ಟಂತೆ ಇಂಪಾಗಿ ಬರುತ್ತದೆ. ನೇರ ಒಳಗೆ ಹೋಗಿ, ನೀರು ಕುಡಿದು, ಗೂಡಿನಲ್ಲಿದ್ದ ತಾತನ ಫೋನು ಬದಿಗೆ ಸರಿಸಿ ತನ್ನದನ್ನು ಚಾರ್ಜಿಗೆ ಹಾಕಿದ.

“ಚಿಂತೆ ಮಾಡ್ಬೇಡಿ ಮಾವ. ವಯಸ್ಸಾಯ್ತು, ಮರೆತು ಬರೆದಿರ್ತೀರಿ. ಜನ ಅರ್ಥ ಮಾಡ್ಕೊತಾರೆ.”

“ಮರೆತು ಊಟ ಬಿಡಬಹುದು ಅಳಿಯಂದಿರೇ. ಮರೆತು ಪಾಠ ಬರೆಯೋಕಾಗುತ್ತಾ?”

“ಸಂಜೆ ಅಪಾರ್ಟ್‌ಮೆಂಟಲ್ಲಿ ಮೀಟಿಂಗ್ ಇದೆ. ಎಲ್ಲಾ ಬಾಗಿಲಿಗೂ ಹೊಸ ಲಾಕ್ ಅಂತೆ. ನನ್ನ ಕರೆದಿದ್ದಾರೆ.” ಅಳಿಯ ತಲೆ ತಗ್ಗಿಸಿದ. “ನೀವು ಬರೋದಾದ್ರೆ ನಾನು ಹೋಗಲ್ಲ.”

“ಹೋಗಿ ಬನ್ನಿ,” ಎಂದರು ತಾತ.

* * *

ತುಕ್ಕುವಿನ ಬೀಗ ರಿಪೇರಿಯ ಡಬ್ಬಿ ಅಂಗಡಿ ಬಸ್ ನಿಲ್ದಾಣದ ಗೋಡೆಗೆ ಅಂಟಿಕೊಂಡಿತ್ತು. ಅವನು ಬಾಯಿ ತೆರೆದರೆ ಎಣ್ಣೆ ಕಾಣದ ಗೇಟು ಎಳೆದ ಸದ್ದು.

“ಹೌದು, ಹೋಗಿದ್ದೆ. ಕೂಗಾಡಿದೆ. ಒಂದಲ್ಲಾ ಒಂದು ದಿನ ಈ ಚಿನ್ನದ ಕೀಲಿನೇ ಮನೆ ಹಾಳು ಮಾಡುತ್ತೆ ಅಂತ ಬರೆದಿದ್ದೂ ನಾನೇ. ಆಯ್ತಲ್ಲ ಈಗ?”

“ಕಟ್ಟೆಯವರೆಲ್ಲ ನಿನ್ನ ಮೇಲೇ ಅನುಮಾನ ಪಡ್ತಾರೆ.”

“ಪಡಲಿ. ಆದ್ರೆ ತಾತನ ಹೆಸರಲ್ಲಿ ದೇಣಿಗೆ ಕಟ್ಟಿದ್ದು ನಾನು ಅಂತ ಮಾತ್ರ ಹೇಳ್ಬೇಡ. ನನ್ನ ಹೆಂಡತಿ ನಂಬಿಬಿಟ್ರೆ ಕಷ್ಟ.”

ಒಬ್ಬ ತರುಣ ಬೆವರು ಒರೆಸುತ್ತ ಬಂದ. ರೂಮಿನ ಕೀ ಕಳೆದಿದೆ, ಬಂದು ಬಾಗಿಲು ತೆಗೆದುಕೊಡಿ ಎಂದ.

“ಬಾಗಿಲು ತೆಗೆದ್ರೆ ಮೊದಲು ಏನು ಕಾಣುತ್ತೆ?” ತುಕ್ಕು ಕೇಳಿದ.

“ಅಂದ್ರೆ?”

“ಒಳಗೇನಿದೆ ಹೇಳು. ಆಮೇಲೆ ತೆಗೀತೀನಿ. ಹೇಳಿದ್ದು ಇಲ್ದಿದ್ರೆ ಪೊಲೀಸಿನೋರ್ನ ಕರೀತೀನಿ.”

“ಒಗೆಯದಿರೋ ಬಟ್ಟೆ ರಾಶಿ,” ಎಂದು ತರುಣ ನಾಚಿಕೊಂಡ.

“ನಿನ್ನದೇ ರೂಮು. ನಡಿ.”

ಬೀಗದವರೆಲ್ಲ ಕೇಳುವ ಪ್ರಶ್ನೆ ಅದು. ಬಾಗಿಲಕ್ಕನೂ ದಿನಾ ಕೇಳುತ್ತಾಳೆ. ಇವತ್ತು ಮಾತ್ರ ಅದು ತಲೆಯಲ್ಲಿ ಟಕ್ ಎಂದು ತಿರುಗಿತು.

“ತುಕ್ಕು, ಸಂಜೆ ಮೀಟಿಂಗಿಗೆ ಬಾ. ಬರೋವಾಗ ಯಜಮಾನರನ್ನೂ ಕರ್ಕೊಂಡು ಬಾ.”

* * *

ಅಪಾರ್ಟ್‌ಮೆಂಟಿನ ಹಾಲು ತುಂಬಿತ್ತು. ಭಯಕ್ಕಿಂತ ಒಳ್ಳೆಯ ಆಹ್ವಾನ ಪತ್ರಿಕೆ ಇಲ್ಲ. ಮುಂದೆ ಅಧ್ಯಕ್ಷೆ, ಪಕ್ಕದಲ್ಲಿ ಮಾದರಿ ಲಾಕು ಹಿಡಿದ ಅಳಿಯ. ಹಿಂದಿನ ಸಾಲಿನಲ್ಲಿ ಬಾಗಿಲಕ್ಕ, ಯಜಮಾನರು, ತುಕ್ಕು, ಮತ್ತು ಬಾಗಿಲಕ್ಕ ಎಳೆದು ತಂದಿದ್ದ ತಾತ. ಮಾವನನ್ನು ಕಂಡು ಅಳಿಯನ ನಗು ಒಂದು ಹಲ್ಲು ಕಡಿಮೆಯಾಯಿತು. ಆದರೂ ಲಾಕು ಒತ್ತಿದ. “ಸ್ವಾಗತ,” ಎಂದಿತು ಲಾಕು. ಜನ ತಲೆದೂಗಿದರು.

ಬಾಗಿಲಕ್ಕ ಎದ್ದಳು.

“ಬಾಗಿಲೇನೋ ಭದ್ರ ಆಯ್ತು. ತಾತನ ಖಾತೆಗೂ ಯಾರೋ ಎರಡನೇ ಚಿಲಕ ಹಾಕಿದ್ದಾರೆ. ಅದು ದಂಡ ಅಲ್ವಾ? ಅದರೊಳಗೆ ಕಾಯೋ ಅಂಥದ್ದು ಏನಿದೆ? ಹಳೇ ಬೀಗದ ಫೋಟೋ, ತಾತನ ಬೈಗುಳ.”

“ಹಾಗನ್ಬೇಡಿ ಅಕ್ಕಾ.” ಅಳಿಯನ ದನಿಯಲ್ಲಿ ಇಂಪು ಹೋಗಿ ನಿಜವಾದ ಕಾಳಜಿ ಬಂತು. “ಜನ ನಂಬಿ ಬರೆದಿರ್ತಾರೆ. ಮೂರನೇ ಮಹಡಿ ಟೀಚರಮ್ಮ ನೋಡಿ, ರಜೆಗೆ ಮಗಳ ಮನೆಗೆ ಹೋಗ್ತಿದ್ದಾರೆ, ಬಾಲ್ಕನಿ ಬಾಗಿಲ ಅಗಳಿ ಕೂರಲ್ಲ. ಅಂಥದ್ದು ಕಳ್ಳನ ಕಣ್ಣಿಗೆ ಬಿದ್ರೆ ಏನು ಗತಿ?”

ಮೂರನೇ ಸಾಲಿನಲ್ಲಿ ಒಬ್ಬ ಹೆಂಗಸು ನಿಧಾನವಾಗಿ ಎದ್ದರು.

“ಅದನ್ನ ನಾನು ತಾತನಿಗೆ ಬಿಟ್ಟು ಇನ್ನೊಂದು ನರಪಿಳ್ಳೆಗೂ ಹೇಳಿಲ್ಲ. ಕಟ್ಟೆಯಲ್ಲಿ ಖಾಸಗಿಯಾಗಿ ಬರೆದೆ. ಅದೂ ನಿನ್ನೆ ಮಧ್ಯಾಹ್ನ.”

“ನಾನದನ್ನ ಇನ್ನೂ ನೋಡೇ ಇಲ್ಲ ತಾಯಿ,” ಎಂದರು ತಾತ.

ಜನರೆಲ್ಲ ಅಳಿಯನ ಕಡೆ ತಿರುಗಿದರು.

“ಒಳಗೇನಿದೆ ಅಂತ ಹೇಳಿಬಿಟ್ರಿ,” ಎಂದಳು ಬಾಗಿಲಕ್ಕ. “ಒಳಗೆ ಹೋದವರು ನೀವೇ.”

ಅಳಿಯ ಲಾಕಿನ ಗುಂಡಿಗಳನ್ನು ನೋಡುತ್ತ ನಿಂತ. ಯಾವುದನ್ನು ಒತ್ತಿದರೂ ಅವನ ಬಾಗಿಲು ತೆರೆಯುವಂತಿರಲಿಲ್ಲ.

“ನಂಗೆ ಅರ್ಥ ಆಗ್ಲಿಲ್ಲ,” ಎಂದರು ಯಜಮಾನರು. “ಬಿಡಿಸಿ ಹೇಳು.”

“ಮೊದಲು ದೇಣಿಗೆ. ಚಿನ್ನದ ಕೀಲಿ ಇಲ್ದಿದ್ರೆ ಆ ಪಾಠ ನನ್ನ ಹತ್ರಾನೇ ಸಿಕ್ಕಿಬೀಳ್ತಿತ್ತು. ಹೋದ ವಾರ ದೇಣಿಗೆ, ಈ ವಾರ ಪಾಠ. ಹಿತೈಷಿ ಕೊಟ್ಟದ್ದು ಗೌರವ ಅಲ್ಲ, ನನ್ನ ತಪ್ಪಿಸ್ಕೊಂಡು ಹೋಗೋ ದಾರಿ.”

“ಹಾಗಾದ್ರೆ ತುಕ್ಕು ಯಾಕಲ್ಲ? ನಿನ್ನೆ ಅವನೂ ಅಂಗಡೀಲಿದ್ದ.”

“ತುಕ್ಕು ನುಗ್ಗಿದ್ರೆ ಬಾಗಿಲು ಹಾರುಹೊಡೆದು ಬರ್ತಿದ್ದ. ದಾನಿಗಳ ಖಾತೆಗೆ ಕಳ್ಳ ನುಗ್ಗಿದ ಅಂತಾದ್ರೆ ಅವನ ವಾದ ಗೆದ್ದ ಹಾಗೆ. ಇಲ್ಲಿ ಎರಡನೇ ಚಿಲಕ ಬಿತ್ತು, ಕಳ್ಳತನಾನೇ ಮುಚ್ಚಿಹೋಯ್ತು. ತುಕ್ಕುಗೆ ಅದರಿಂದ ನಷ್ಟ.”

“ಬದುಕಿದೆ,” ಎಂದ ತುಕ್ಕು, ಕಿರ್ರೆಂದು.

“ಆ ಚಿಲಕ ಬೀಳ್ಬೇಕಾದ್ರೆ ತಾತನ ಫೋನ್ ಕೈಯಲ್ಲಿರಬೇಕು. ಯಾರು ಬಂದಿದ್ರು ಅಂತ ಅಜ್ಜಿನ ಕೇಳಿದೆ. ತುಕ್ಕು ಒಬ್ಬನೇ ಅಂದ್ರು. ಸುಳ್ಳಲ್ಲ, ಅಳಿಯ ಬರೋದನ್ನ ಅವರು ಬರೋದು ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಇವತ್ತು ನನ್ನ ಕಣ್ಣೆದುರೇ ನೇರ ಒಳಗೆ ಹೋಗಿ ತಾತನ ಫೋನು ಸರಿಸಿದ್ರು, ಅಜ್ಜಿ ತಲೆ ಎತ್ತಿ ನೋಡ್ಲಿಲ್ಲ. ಹೊರಗಿನ ಕಳ್ಳ ಬಾಗಿಲು ತೆರೆದಿಟ್ಟು ಓಡ್ತಾನೆ ಅಣ್ಣಾ. ಹೋಗೋವಾಗ ಎಳೆದು ಭದ್ರ ಮಾಡಿ ಹೋಗೋನು ಮನೆಯವನೇ. ಅಂಥವನ ಮುಂದೆ ಒಳಗೇನೂ ಇಲ್ಲ ಅಂದ್ರೆ ತಡ್ಕೊಳ್ಳಲ್ಲ ಅಂತ ಗೊತ್ತಿತ್ತು.”

ಅಳಿಯ ಕುರ್ಚಿಯ ಮೇಲೆ ಕುಸಿದ. “ಮಾವ ಯಾವತ್ತೂ ಕೀ ಬೀಗನೇ ಸಾಕು ಅಂತ ಇವರಿಗೆಲ್ಲ ಹೇಳ್ತಿದ್ರು. ಒಂದೇ ಒಂದು ಲಾಕ್ ಮಾರೋಕಾಗ್ಲಿಲ್ಲ. ಮಾವನೇ ಬರೆದ್ರು ಅಂದ್ರೆ ಜನ ನಂಬ್ತಾರೆ ಅನ್ಕೊಂಡೆ. ವಯಸ್ಸಾಯ್ತು ಅಂತ ಬಿಟ್ಟುಬಿಡ್ತಾರೆ ಅಂತ…” ಅವನು ಟೀಚರಮ್ಮನ ಕಡೆ ನೋಡಿದ. “ಪಾಠ ಹಾಕಿದ್ಮೇಲೆ ಇವರ ಕಾಗದ ಕಣ್ಣಿಗೆ ಬಿತ್ತು. ಮಾವನ ಪಾಸ್‌ವರ್ಡ್ ಊರಿಗೇ ಗೊತ್ತು. ಹಾಗೇ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ.”

ಯಜಮಾನರು ಫೋನು ತೆಗೆದು ಅಲ್ಲೇ ಕಟ್ಟೆಗೆ ಬರೆದರು. ಕೀಲಿ ತಾತ ನಿರಪರಾಧಿ, ಇವತ್ತಿನಿಂದ ಚಿನ್ನದ ಕೀಲಿಗೂ ತಪಾಸಣೆ ಇದೆ. ಬರೆದದ್ದು ಮೊದಲು ಬಾಗಿಲಕ್ಕನ ತಪಾಸಣೆಗೇ ಬಂತು. ಅವಳು ಯಜಮಾನರ ದನಿಯಲ್ಲಿ ಓದಿ, ದಾಟಿಸಿದಳು.

ಅಧ್ಯಕ್ಷೆ ಎದ್ದು ಬಂದು ಗೇಟಿನ ಕೀಯನ್ನು ತಾತನ ಮುಂದೆ ಹಿಡಿದರು. “ದುಡುಕಿಬಿಟ್ವಿ. ತಪ್ಪಾಯ್ತು.”

ತಾತ ಕೀ ತೆಗೆದುಕೊಂಡರು. ಜೇಬಿಗೆ ಹಾಕಲಿಲ್ಲ.

“ಪಾಠ ಅಳಿಸಿದ್ರೂ ಓದಿದವರ ತಲೆಯಿಂದ ಅಳಿಸೋಕಾಗಲ್ಲ. ನಾಳೆಯಿಂದ ಪ್ರತಿ ಬೀಗದ ಹೊಟ್ಟೆ ಬಿಚ್ಚಿ ಒಳಗಿನದ್ದು ಬದಲಾಯಿಸ್ತೀನಿ. ನೀವು ಬಾಗಿಲು ತೆಗೆದ್ರೆ ಸಾಕು.”

“ಅಷ್ಟೊಂದು ಮನೆ ನೀವೊಬ್ಬರೇ ಹೇಗೆ ಮಾಡ್ತೀರಿ ತಾತ?”

“ಒಬ್ಬನೇ ಯಾಕೆ? ಅಳಿಯಂದಿರು ಜೊತೆಗಿರ್ತಾರೆ.” ತಾತ ಅವನ ಕಡೆ ತಿರುಗಿದರು. ದನಿ ನಡುಗಲಿಲ್ಲ. “ಬಾಗಿಲು ತಟ್ಟೋದು ನೀವು. ಯಾಕೆ ಬಂದಿದ್ದೀವಿ ಅಂತ ಹೇಳೋದೂ ನೀವೇ.”

“ಮನೆ ಮನೆಗೂನಾ ಮಾವ?”

“ಮನೆ ಮನೆಗೂ. ಮೊದಲು ಟೀಚರಮ್ಮನ ಮನೆ.”