ಕಿರುಗುಟ್ಟುವ ರಾಟೆ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ 8:10. ಮೆಕ್ಸಿಕೋದ ಯುಕತಾನಿನ ಚುನ್‌ಹಾ ಊರಿನ ಠಾಣೆಗೆ, ಸೆನೋತೆ ಎಂಬ ನೆಲಮಡುವನ್ನು ನೋಡಿಕೊಳ್ಳುವ ಸಮಿತಿಯ ಅಧ್ಯಕ್ಷ ಅಬುಂದಿಯೊ ಚೀ ಏದುಸಿರು ಬಿಡುತ್ತ ಬಂದ.

"ಸಾಹೇಬ್ರೇ, ಮಡುವಿನ ಮೇಲಿದ್ದ ರಾಟೆ ಕಳುವಾಗಿದೆ. ಹತ್ತಕ್ಕೆ ಎರಡು ಬಸ್ ಪ್ರವಾಸಿಗ್ರು ಈಜೋಕೆ ಬರ್ತಾರೆ. ರಾಟೆ ಮುಂದೆ ಫೋಟೋ ಇಲ್ದಿದ್ರೆ ಜಗಳಾನೇ!"

"ಯಾರ ಮೇಲೆ ಅನುಮಾನ?"

"ಊರೋರೆಲ್ಲ ಅಲೂಶ್ ಅಂತಾರೆ. ಆ ಕಾಡು ಕಾಯೋ ಕುಳ್ಳ ಭೂತ."

"ಅಲೂಶ್ ಹತ್ರ ಸ್ಪ್ಯಾನರ್ ಇರತ್ತೇನಯ್ಯಾ?" ಎನ್ನುತ್ತ ಇನ್ಸ್‌ಪೆಕ್ಟರ್ ಫಿದೆನ್ಸಿಯೊ ಪೆಚ್ ಎಫ್‌ಐಆರ್ ಬರೆದುಕೊಂಡ. ಏನೇ ಕಳೆದರೂ ಅಲೂಶ್‌ನ ತಲೆಗೆ ಕಟ್ಟಿದರೆ ಊರಿಗೆಲ್ಲ ನೆಮ್ಮದಿ.

8:45ಕ್ಕೆ ಪಂಚನಾಮೆ. ನೆಲ ಬಾಯ್ದೆರೆದ ಕಡೆ, ಹದಿನೈದು ಮೀಟರ್ ಕೆಳಗೆ, ಅದೇ ನೀಲಿ ನೀರು. ಚಿಕ್ಕಂದಿನಲ್ಲಿ ಈ ಅಂಚಿನಿಂದಲೇ ಪೆಚ್ ಚಡ್ಡಿಯಲ್ಲಿ ಧುಮುಕುತ್ತಿದ್ದ. ನೀರು ಸೇದುತ್ತಿದ್ದ ಹೆಂಗಸರು ಮೇಲಿನಿಂದ ಬೈಯುತ್ತಿದ್ದರು. ಆಗ ಟಿಕೆಟ್ ಇರಲಿಲ್ಲ. ರಾಟೆ ಕಿರುಗುಟ್ಟುವ ಸದ್ದಿಗೆ ಊರು ಏಳುತ್ತಿತ್ತು. ನಲ್ಲಿ ಬಂದ ಮೇಲೆ ಸಮಿತಿಯವರು ಅದಕ್ಕೆ ಬಣ್ಣ ಬಳಿದು, ಗ್ರೀಸ್ ಹಚ್ಚಿ, ಬಾಯಿ ಮುಚ್ಚಿಸಿದ್ದರು.

ಕಾನ್‌ಸ್ಟೇಬಲ್ ನೆಯ್ದಿ ತುಸ್ ಒಂದು ಚಿಂದಿ ಎತ್ತಿ ತೋರಿಸಿದಳು. "ಸಾರ್, ಕಳ್ಳ ಗ್ರೀಸ್ ಎಲ್ಲಾ ಇಲ್ಲೇ ಒರೆಸಿದ್ದಾನೆ."

ಚಿಂದಿಯ ಅಂಚಿನಲ್ಲಿ ಕಸೂತಿಯ ಹೂಗಳಿದ್ದವು.

"ಕಳ್ಳ ಅಲ್ಲ, ಕಳ್ಳಿ," ಎಂದ ಪೆಚ್. "ಮಾರೋರು ಗ್ರೀಸ್ ಒರೆಸಲ್ಲ, ನೆಯ್ದಿ. ಅದರ ಸದ್ದು ಬೇಕಾದೋರು ಒರೆಸ್ತಾರೆ. ಬಾ, ಕಿವಿ ತೆರ್ಕೊಂಡು ನಡಿ."

ಮೂರನೆಯ ಓಣಿಯಲ್ಲಿ ಅದು ಕೇಳಿಸಿತು. ನಲವತ್ತು ವರ್ಷದ ಮೇಲೆ. ಪೆಚ್ ಆ ಸದ್ದಿನ ಹಿಂದೆಯೇ ನಡೆದ.

9:20. ಬಾಸಿಲಿಯಾ ಕಾನುಲ್ ಎಂಬ ಎಪ್ಪತ್ತಾರರ ಮುದುಕಿ, ಹಿತ್ತಿಲ ಕಿತ್ತಳೆ ಮರಕ್ಕೆ ರಾಟೆ ಕಟ್ಟಿ, ಖಾಲಿ ಬಕೆಟ್ಟನ್ನು ಏರಿಸಿ ಇಳಿಸುತ್ತಿದ್ದಳು. ಪಕ್ಕದ ಜೋಲಿಯಲ್ಲಿ ಅವಳ ಅಕ್ಕ ತೆಯೊಫಿಲಾ ಕಣ್ಣು ಮುಚ್ಚಿ ಮಲಗಿದ್ದಳು.

"ಅಜ್ಜಿ, ಇದು ಎಲ್ಲಿಂದ ಬಂತು?"

"ಗೊತ್ತಿದ್ದೂ ಕೇಳ್ತೀಯಲ್ಲೋ. ನಿಮ್ಮಮ್ಮ ಹಗ್ಗ ಎಳೆದ ರಾಟೆ."

"ಸಮಿತೀನ ಕೇಳ್ಬಹುದಿತ್ತು."

"ಮೂರು ಸಲ ಕೇಳ್ದೆ. ಪ್ರದರ್ಶನದ ವಸ್ತು, ಕೊಡಲ್ಲ ಅಂದ ಅಬುಂದಿಯೊ. ಅಕ್ಕಂಗೆ ನನ್ ಗುರುತೂ ಸಿಗ್ತಿಲ್ಲ. ನೀರು ಕೊಟ್ರೆ ತುಟಿ ಬಿಗೀತಾಳೆ. ಈ ಸದ್ದು ಕೇಳಿದ್ರೆ ಮಾತ್ರ ಕುಡೀತಾಳೆ."

ಪೆಚ್ ಟೋಪಿ ತೆಗೆದ. "ಆದ್ರೂ ಬಂಧಿಸ್ಬೇಕು, ಅಜ್ಜಿ."

"ಬಂಧಿಸು. ಹಗ್ಗ ಎಳೆಯೋರು ಯಾರು?" ಎಂದು ಬಾಸಿಲಿಯಾ ಕೈಬಿಟ್ಟಳು.

ಸದ್ದು ನಿಂತಿತು. ಜೋಲಿಯೊಳಗಿಂದ ತೆಯೊಫಿಲಾಳ ಸಣ್ಣ ದನಿ ಬಂತು: "ಪೆತ್ರೋನಾ, ನಿಂದು ಮುಗೀತಾ? ಈಗ ನನ್ ಸರದಿ."

ಪೆತ್ರೋನಾ ಪೆಚ್‌ನ ತಾಯಿ. ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.

"ಇನ್ನೊಂದ್ ಕೊಡ ಇದೆ, ಅಕ್ಕಾ," ಎಂದು ಪೆಚ್ ತಾನೇ ಹಗ್ಗ ಹಿಡಿದ. ಬಾಸಿಲಿಯಾ ಲೋಟ ತಂದಳು.

ವರದಿಯಲ್ಲಿ ಹೀಗಿದೆ: ಬಂಧನ, 9:40. ರಾಟೆಯನ್ನು ಜಪ್ತಿ ಮಾಡಿ, ಮುಂದಿನ ಆದೇಶದವರೆಗೆ ಅದೇ ಮರದಲ್ಲೇ ಇರಿಸಿ, ಕಾನ್‌ಸ್ಟೇಬಲ್ ನೆಯ್ದಿ ತುಸ್ ವಶಕ್ಕೆ ಒಪ್ಪಿಸಲಾಗಿದೆ. ಆರೋಪಿಯನ್ನು ಠಾಣೆಗೆ ಕರೆತಂದದ್ದು 11:15. ತಡಕ್ಕೆ ಕಾರಣ: ಆರೋಪಿಯ ಅಕ್ಕ ನೀರು ಕುಡಿಯುತ್ತಿದ್ದರು.